ಗುಮ್ಮಣ್ಣನನ್ನು ಹೊರಗಿಡುವ ವಿಚಾರ

ಸೆಪ್ಟೆಂಬರ್ 3, ಬುಧವಾರ

ಮಹಾರಾಣಿಯ ಇನ್ನೊಂದು ಎಲೆ ಹಳದಿಯಾಗಿದೆ. ಬುಡದಿಂದ ಶುರುವಾಗಿ ಅರ್ಧದವರೆಗೆ ಬಂದಿದೆ. ಮುಟ್ಟಿದರೆ ಬೇಯಿಸಿದ ಸೊಪ್ಪಿನ ಹಾಗೆ ಮೆತ್ತಗಿದೆ.

ಒಳಕೋಣೆಯ ಕಿಟಕಿಯ ಪಕ್ಕ ಏಳು ಆರ್ಕಿಡ್ ಕುಂಡಗಳಿವೆ. ಎಲ್ಲ ನನ್ನ ಹೆಂಡತಿಯವೇ. ಶ್ವಾಸಕೋಶದ ಕಾಯಿಲೆ ಜೋರಾಗಿ ಹೊರಗೆ ಓಡಾಡುವುದು ನಿಂತ ಮೇಲೆ ಒಂದೊಂದಾಗಿ ತರಿಸಿಕೊಂಡಳು. ಒಂದೊಂದಕ್ಕೂ ಅಡ್ಡಹೆಸರು. ಮೊದಲು ಬಂದದ್ದು ಮಹಾರಾಣಿ. ಜೋಡಿಯಾಗಿ ಬಂದವು ಅಕ್ಕ, ತಂಗಿ. ಕೊನೆಗೆ ಬಂದದ್ದು ಇವತ್ತಿನವರೆಗೆ ಒಂದು ಹೂವೂ ಬಿಟ್ಟಿಲ್ಲ. ಅದಕ್ಕೆ ಗುಮ್ಮಣ್ಣ ಎಂದು ಹೆಸರಿಟ್ಟಳು. "ಇದು ನಿಮ್ಮ ಪೈಕಿ ಕಣ್ರೀ. ಏನು ಮಾಡಿದ್ರೂ ಬಾಯಿ ಬಿಡಲ್ಲ," ಎನ್ನುತ್ತಿದ್ದಳು.

ಧೂಳು ಬರಬಾರದೆಂದು ಆ ಕಿಟಕಿಯ ಸಂದಿಗೆಲ್ಲ ನಾನೇ ಟೇಪು ಅಂಟಿಸಿದ್ದೆ. ಅವಳು ಹೋದದ್ದು ಜೂನ್‌ನಲ್ಲಿ. ಟೇಪು ಹಾಗೇ ಇದೆ. ಕೋಣೆಯ ಬಾಗಿಲು ತೆಗೆದರೆ ಒದ್ದೆ ಬಟ್ಟೆಯ ಗಂಟು ಬಿಚ್ಚಿದ ವಾಸನೆ.

ಬೆಳಿಗ್ಗೆ ಅತ್ತೆ ಅಡುಗೆಮನೆಯ ನಲ್ಲಿಗೆ ಹೇಳಿದರು: "ಗಿಡ ಸೊರಗ್ತಾ ಇದೆ. ಮನೇಲಿ ಗಂಡಸರು ಅನ್ನೋರು ಇದ್ದಿದ್ರೆ ಯಾರನ್ನಾದ್ರೂ ಕೇಳ್ತಿದ್ರು."

ನಾನು ಗೂಟಕ್ಕೆ ನೇತುಹಾಕಿದ್ದ ನನ್ನ ಅಂಗಿಗೆ ಹೇಳಿದೆ: "ಕೇಳಿದ್ದಾಯ್ತು. ಹೊರಗಿಟ್ಟು ನೋಡಿ ಅಂದ್ರು ನನ್ನ ಜೊತೆ ಕೆಲಸ ಮಾಡೋರು."

ನಲ್ಲಿಯ ಸದ್ದು ಜೋರಾಯಿತು.

ಸೆಪ್ಟೆಂಬರ್ 5, ಶುಕ್ರವಾರ

ನಾನೂ ಅತ್ತೆಯೂ ನೇರವಾಗಿ ಮಾತಾಡಿದವರಲ್ಲ. ಮದುವೆಯಾದ ಹೊಸತರಲ್ಲಿ ಇಬ್ಬರಿಗೂ ಸಂಕೋಚ. ಆಮೇಲೆ ಅದೇ ರೂಢಿಯಾಯಿತು. ಮಗಳ ಆರೈಕೆಗೆಂದು ಅವರು ಇಲ್ಲಿಗೇ ಬಂದು ನೆಲೆಸಿದ ಮೇಲೂ ಅಷ್ಟೇ. ಒಂದೇ ಮೇಜಿನ ಎರಡು ಬದಿಗೆ ನಾವು, ನಡುವೆ ಅವಳು. "ಇನ್ನೊಂಚೂರು ಬಡಿಸ್ಲಾ ಅಂತ ಕೇಳು." "ಸಾಕು ಅಂತ ಹೇಳು." ಅವಳು ತಲೆ ಚಚ್ಚಿಕೊಂಡು, "ನಾನೇನು ಅಂಚೆಪೆಟ್ಟಿಗೆನಾ? ಒಂದಿನ ನಾನಿಲ್ಲದಿದ್ರೆ ಇಬ್ರೂ ಉಪವಾಸ ಬೀಳ್ತೀರಿ," ಎಂದು ನಗುತ್ತಿದ್ದಳು.

ಉಪವಾಸವೇನೂ ಬಿದ್ದಿಲ್ಲ. ಅತ್ತೆ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕುತ್ತಾರೆ. ಆ ಸದ್ದು ಕೇಳಿ ನಾನು ಹೋಗಿ ಕೂರುತ್ತೇನೆ.

ಸೆಪ್ಟೆಂಬರ್ 9, ಮಂಗಳವಾರ

ಕಚೇರಿ ಕಟ್ಟಡವೊಂದರಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತು, ಒಳಗೆ ಒಬ್ಬ ವಕೀಲರು ಸಿಕ್ಕಿಬಿದ್ದಿದ್ದರು. ಬಾಗಿಲು ಗುದ್ದಿ ಗುದ್ದಿ ಗೆಣ್ಣು ಕೆಂಪಾಗಿತ್ತು. ಸಿಕ್ಕಿಬಿದ್ದವರು ಮೊದಲು ಮಾಡುವುದೇ ಅದು. ನಮ್ಮ ಲಿಫ್ಟು ರಿಪೇರಿ ಕೆಲಸದಲ್ಲಿ ಮೊದಲು ಕಲಿಸುವುದು ಸ್ಪ್ಯಾನರ್ ಹಿಡಿಯುವುದನ್ನಲ್ಲ, ಮಾತಾಡುವುದನ್ನು. ಹೊರಗಿನಿಂದ ಮಾತು ನಿಲ್ಲಬಾರದು. ಮಾತು ನಿಂತರೆ ಒಳಗಿನವರು ಹೆದರಿ ಬಾಗಿಲು ಕಿತ್ತು ಹೊರಗೆ ಕಾಲಿಡುತ್ತಾರೆ.

ಜೊತೆಯವನು ಮೇಲೆ ಮೋಟಾರಿನ ಚಕ್ರ ತಿರುಗಿಸಿ ಲಿಫ್ಟನ್ನು ಮಹಡಿಗೆ ತರುವ ತನಕ ನಾನು ವಕೀಲರ ಜೊತೆ ಮಾತಾಡುತ್ತಲೇ ಇದ್ದೆ. ಅವರ ಮಗಳ ಶಾಲೆ, ಬೊಜ್ಜು, ಮಂಡಿನೋವು. ಹೊರಬಂದವರು ನನ್ನ ಕೈ ಹಿಡಿದು, "ನೀವು ಒಳ್ಳೆ ಮಾತುಗಾರರು ಕಣ್ರೀ," ಎಂದರು. ಜೊತೆಯವನು ಬಿದ್ದು ಬಿದ್ದು ನಕ್ಕ.

ಮನೆಗೆ ಬಂದೆ. ತಟ್ಟೆಯ ಸದ್ದು ಕೇಳಿತು. ಉಂಡೆ.

ಸೆಪ್ಟೆಂಬರ್ 14, ಭಾನುವಾರ

ಮಹಾರಾಣಿಯನ್ನು ಚೀಲದಲ್ಲಿಟ್ಟುಕೊಂಡು ಗಿಡದಂಗಡಿಗೆ ಹೋದೆ. ಅಂಗಡಿಯ ಅಕ್ಕ ಕುಂಡವನ್ನು ಬೋರಲು ಮಾಡಿ ತೊಗಟೆ ಚೂರುಗಳನ್ನು ಕೊಡವಿದರು. ಬೇರುಗಳು ಕಂದಾಗಿ ಟೊಳ್ಳಾಗಿದ್ದವು. ಕೊಳೆತ ನಾತ.

"ಎಷ್ಟು ಜನ ಸೇರಿ ಮುಳುಗಿಸಿದ್ರಿ ಇದನ್ನ?" ಎಂದರು.

"ವಾರಕ್ಕೆ ಒಂದೇ ಸಲ ನೀರು, ಶುಕ್ರವಾರ," ಎಂದೆ. ಅವಳು ಹೇಳಿಕೊಟ್ಟದ್ದು ಹಾಗೆ.

"ಸುಳ್ಳು ಹೇಳಿದ್ರೆ ನಾನು ನಂಬಬಹುದು, ಬೇರು ನಂಬಲ್ಲ ಅಣ್ಣಾ."

ಮಹಾರಾಣಿ ಉಳಿಯುವುದಿಲ್ಲವಂತೆ. ಮಿಕ್ಕವನ್ನು ಉಳಿಸಬೇಕಾದರೆ ಆ ಕೋಣೆಯಿಂದ ತೆಗೆಯಲೇಬೇಕಂತೆ. ಗಾಳಿಯಾಡಬೇಕು. ಬಿಸಿಲು ನೇರವಾಗಿ ಬೀಳಬಾರದು. ಈಗ ರಾತ್ರಿ ಸ್ವಲ್ಪ ತಣ್ಣಗಾಗುವ ಕಾಲ. ಆ ತಂಪು ತಗುಲಿದರೇನೇ ಹೂ ಬಿಡುವ ಯೋಚನೆ ಮಾಡುತ್ತವಂತೆ. ಗಡಗಡ ನಡುಗಿಸುವ ಚಳಿ ಬರುವ ಮೊದಲು ಮತ್ತೆ ಒಳಗೆ ತಂದುಕೊಳ್ಳಬೇಕು. "ಹೊರಗಿಟ್ರೆ ಒಂದೆರಡು ಹೋಗಬಹುದು. ಒಳಗಿದ್ರೆ ಎಲ್ಲಾ ಹೋಗತ್ತೆ," ಎಂದರು.

ಖಾಲಿ ಕುಂಡ ಹಿಡಿದು ಬಂದೆ. ಅತ್ತೆ ಕುಂಡ ನೋಡಿದರು. ಸ್ನಾನದ ಮನೆಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು.

ಸೆಪ್ಟೆಂಬರ್ 15, ಸೋಮವಾರ

ಗಡಿಯಾರಕ್ಕೆ ಹೇಳಿದೆ: "ಗಿಡಕ್ಕೆ ನೀರು ಹೆಚ್ಚಾಗಿದೆಯಂತೆ. ನಾನು ಹಾಕೋದು ಶುಕ್ರವಾರ ಮಾತ್ರ."

ಅಡುಗೆಮನೆಯಲ್ಲಿ ಪಾತ್ರೆ ಉಜ್ಜುವ ಸದ್ದು ನಿಂತಿತು. ಅತ್ತೆ ಪಾತ್ರೆಗೆ ಹೇಳಿದರು: "ಸೋಮವಾರ, ಗುರುವಾರ ನಾನು ಹಾಕ್ತಿದ್ದೆ. ಯಾರೂ ನೋಡ್ಕೊಳ್ತಿಲ್ವಲ್ಲ ಅಂತ."

ಗಿಡಕ್ಕೆ ನೀರು ಮರೆಯಬೇಡ ಎಂದು ಅವಳು ಅವರಿಗೂ ಹೇಳಿದ್ದಳಂತೆ. ಬೇರೆಯಾಗಿ.

ಅವರ ಬೆನ್ನು ನನ್ನ ಕಡೆಗಿತ್ತು. ಭುಜ ಅಲುಗಿತು. ಅಳುತ್ತಿದ್ದಾರೆಂದು ಎದ್ದು ಹೋಗಲು ಹೊರಟೆ. ಆಮೇಲೆ ಸದ್ದು ಬಂತು. ಅವರು ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವ ಹಾಗೆ, ಪಾತ್ರೆ ಹಿಡಿದುಕೊಂಡೇ.

ನನಗೂ ನಗು ಬಂತು. ಕೆಲಸಕ್ಕೆ ತಡವಾಯಿತು.

ಸೆಪ್ಟೆಂಬರ್ 21, ಭಾನುವಾರ

ನಮ್ಮ ಮನೆಗೆ ಬಾಲ್ಕನಿ ಇಲ್ಲ. ಹೊರಗೆ ಎಂದರೆ ತಾರಸಿ. ನೀರಿನ ಟ್ಯಾಂಕಿನ ನೆರಳಿದೆ, ಪಕ್ಕದಲ್ಲೇ ಲಿಫ್ಟಿನ ಮೋಟಾರು ಇರುವ ಗೂಡು. ಅಲ್ಲಿಡಬಹುದು ಎಂದು ಬಾಗಿಲಿಗೆ ಹೇಳಿದೆ.

"ಅವಳು ಇಟ್ಟ ಕಡೆ ಇರ್ಲಿ," ಎಂದರು ಅತ್ತೆ. ಬಾಗಿಲಿಗಲ್ಲ, ಗೋಡೆಗೆ. ಮಾತು ಅಲ್ಲಿಗೆ ಮುಗಿಯಿತು.

ಕೋಣೆ ಬಳಸಬಾರದು, ಕಿಟಕಿ ತೆಗೆಯಬಾರದು, ಅವಳ ಮಂಚ ಸರಿಸಬಾರದು. ನಾನು ಹಾಲಿನ ಒಂದು ಮೂಲೆ, ಅತ್ತೆ ಇನ್ನೊಂದು ಮೂಲೆ. ಬೆಳಿಗ್ಗೆ ಎದ್ದರೆ ಅವರ ಕೆಮ್ಮು, ರಾತ್ರಿ ಮಲಗಿದರೆ ಅವರ ನಿಟ್ಟುಸಿರು. ಅವರಿಗೂ ನನ್ನ ಗೊರಕೆ. ಹೋಗಿ ಎನ್ನಲು ನನಗೆ ಬಾಯಿಲ್ಲ. ಹೋಗುತ್ತೇನೆ ಎನ್ನಲು ಅವರಿಗೆ ಮನಸ್ಸಿಲ್ಲ. ದಿನವಿಡೀ ಲಿಫ್ಟಿನ ಪೆಟ್ಟಿಗೆಗಳಿಂದ ಜನರನ್ನು ಇಳಿಸಿ ಬಂದು ನಾನು ಈ ಪೆಟ್ಟಿಗೆ ಹತ್ತುತ್ತೇನೆ.

ಸೆಪ್ಟೆಂಬರ್ 28, ಭಾನುವಾರ

ಬಾಮೈದ ಬಂದಿದ್ದ. ಅವಳ ತಮ್ಮ. ಮೂರು ಗಂಟೆ ದಾರಿಯ ಊರಲ್ಲಿರುತ್ತಾನೆ. ಬಂದವನೇ ಮೂಗು ಮುಚ್ಚಿಕೊಂಡ.

"ಏನು ಭಾವ ಇದು, ಮನೆನೋ ಡಬ್ಬಿನೋ? ಇಬ್ರೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀರಿ. ಅಮ್ಮಾ, ನನ್ನ ಜೊತೆ ಬಂದ್ಬಿಡು. ಮೊಮ್ಮಕ್ಕಳು ಕಿವಿ ಕಿತ್ತು ಹೋಗೋ ಹಾಗೆ ಕಿರುಚ್ತಾರೆ, ನಿನಗೆ ಮಾತಿಗೆ ಬರ ಇರಲ್ಲ."

"ನಿನ್ನ ಹೆಂಡ್ತಿಗೆ ಮಾಡಿಟ್ಟು ಬಡಿಸೋಕೆ ಜನ ಬೇಕು ಅನ್ನು."

"ಅದೂ ಇದೆ. ಸುಳ್ಳು ಯಾಕೆ ಹೇಳ್ಲಿ?"

ಅತ್ತೆ ಒಳಕೋಣೆಯ ಕಡೆ ನೋಡಿದರು. "ಗಿಡ ಒಂದು ದಾರಿಗೆ ಬರ್ಲಿ. ಹೊರಗಿಟ್ರೆ ಚೇತರಿಸ್ಕೊಳ್ತಾವಂತೆ. ಚೇತರಿಸ್ಕೊಂಡ್ರೆ ಬರ್ತೀನಿ," ಎಂದರು.

ಅಂತೂ ಒಪ್ಪಿದರು. ಗಿಡವೂ ಹೊರಗೆ ಹೋಗುತ್ತದೆ, ಅತ್ತೆಯೂ ಹೋಗುತ್ತಾರೆ. ಮನೆ ನನ್ನದಾಗುತ್ತದೆ. ಸಮಾಧಾನವಾಯಿತು.

ಅಕ್ಟೋಬರ್ 2, ಗುರುವಾರ

ತಾರಸಿ ನೋಡಿಬಂದೆ. ಗಾಳಿ ಬಹಳ. ಈ ವಾರ ಬೇಡ.

ಅಕ್ಟೋಬರ್ 3, ಶುಕ್ರವಾರ

ಪಾರಿವಾಳದ ಕಾಟವೂ ಇದೆ. ಬಲೆ ಕಟ್ಟಬೇಕು. ಬಲೆ ಎಲ್ಲಿ ಸಿಗುತ್ತದೋ ವಿಚಾರಿಸಬೇಕು.

ಅಕ್ಟೋಬರ್ 6, ಸೋಮವಾರ

ಟ್ಯಾಂಕಿನ ನೆರಳು ಮಧ್ಯಾಹ್ನ ಸರಿಯುತ್ತದೆ. ಸ್ವಲ್ಪ ಹೊತ್ತು ಬಿಸಿಲು ನೇರ ಬೀಳುತ್ತದೆ. ಎಲೆ ಸುಟ್ಟರೆ ಏನು ಗತಿ? ಅಲ್ಲದೆ ಬಸವನಹುಳು. ಗಿಡದಂಗಡಿಯ ಅಕ್ಕನಿಗೇನು, ಹೇಳಿಬಿಡುತ್ತಾರೆ. ಅವಳ ಗಿಡಗಳ ವಿಷಯದಲ್ಲಿ ಆತುರ ಒಳ್ಳೆಯದಲ್ಲ.

ಬಲೆ ಸಿಕ್ಕಿತು, ಆದರೆ ಕಣ್ಣು ದೊಡ್ಡದು. ವಾಪಸು ಕೊಟ್ಟೆ.

ಅತ್ತೆ ಒಲೆಗೆ ಹೇಳಿದರು: "ಹೊರಗೆ ಹೊರಗೆ ಅಂತ ಕುಣೀತಿದ್ದೋರು ಈಗ ಅಳತೆಪಟ್ಟಿ ಹಿಡ್ಕೊಂಡು ನೆರಳು ಅಳೀತಾರೆ. ನನ್ನ ಮಗ ದಿನಾ ಫೋನ್ ಮಾಡ್ತಾನೆ. ಏನು ಹೇಳ್ಲಿ ಅವನಿಗೆ?"

ನೆರಳಿನ ವಿಷಯ ಅವರಿಗೆ ಅರ್ಥವಾಗುವುದಿಲ್ಲ.

ಅಕ್ಟೋಬರ್ 9, ಗುರುವಾರ

ಸಂಜೆ ಬಂದು ಬೀಗ ತೆಗೆದೆ. ಹಾಲಿನಲ್ಲಿ ಕ್ಯಾಲೆಂಡರಿನ ಹಾಳೆ ಪಟಪಟ ಬಡಿದುಕೊಳ್ಳುತ್ತಿತ್ತು. ಎಲ್ಲಿಂದ ಗಾಳಿ ಎಂದು ತಿಳಿಯಲಿಲ್ಲ.

ಒಳಕೋಣೆಯ ಕಿಟಕಿ ತೆರೆದಿತ್ತು. ಅತ್ತೆ ಮಂಚದ ತುದಿಯಲ್ಲಿ ಕೂತು ಟೇಪನ್ನೆಲ್ಲ ಕಿತ್ತು ಉಂಡೆ ಮಾಡಿ ಕೈಯಲ್ಲಿ ಹಿಡಿದಿದ್ದರು. ಉಗುರುಗಳ ತುದಿ ಬಿಳಿಚಿತ್ತು. ಕೆಳಗಿನ ಬೀದಿಯ ಸದ್ದು ಎಲ್ಲವೂ ಒಳಗಿತ್ತು. ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತಿದ್ದರು.

ನಾನು ಕುಂಡಗಳನ್ನು ಒಂದೊಂದಾಗಿ ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಆರು ಸಲ. ಲಿಫ್ಟಿನಲ್ಲಿ ತಗುಲೀತು ಎಂದು ಮೆಟ್ಟಿಲೇ. ಪ್ರತಿ ಸಲ ಇಳಿದು ಬಂದಾಗ ಮುಂದಿನ ಕುಂಡ ಬಾಗಿಲ ಹತ್ತಿರ ತಯಾರಾಗಿರುತ್ತಿತ್ತು. ಕೊನೆಯದು ಗುಮ್ಮಣ್ಣ. ಅದನ್ನು ಅತ್ತೆ ಕೆಳಗಿಡದೆ ನನ್ನ ಕೈಗೇ ಕೊಟ್ಟರು.

ಕಿಟಕಿಯ ಪಕ್ಕ ಏಳು ನೀರಿನ ಕಲೆಗಳು ಉಳಿದಿವೆ.

ಅಕ್ಟೋಬರ್ 19, ಭಾನುವಾರ

ತಂಗಿಯ ಎಲೆ ಬಿಸಿಲಿಗೆ ಸುಟ್ಟಿದೆ. ಒಂದು ಎಲೆ ಅಷ್ಟೇ. ಬಟ್ಟೆಯ ಪರದೆ ಕಟ್ಟಿದೆ. ಅತ್ತೆ ಒಂದು ತುದಿ ಹಿಡಿದುಕೊಂಡರು. ಗಂಟು ಸಡಿಲ ಎಂದು ಬಿಚ್ಚಿ ಅವರೇ ಮತ್ತೆ ಕಟ್ಟಿದರು.

ಅವರಿಗೆ ಮಂಡಿನೋವು, ಮೆಟ್ಟಿಲು ಆಗದು. ಲಿಫ್ಟಿನಲ್ಲಿ ದಿನಾ ಎರಡು ಸಲ ಮೇಲೆ ಬರುತ್ತಾರೆ. ಅವಳು ಹೋದ ಮೇಲೆ ಅವರು ಹೊಸ್ತಿಲು ದಾಟಿರಲಿಲ್ಲ.

ಅಕ್ಟೋಬರ್ 30, ಗುರುವಾರ

ಗುಮ್ಮಣ್ಣನ ಎಲೆಯ ಸಂದಿಯಿಂದ ಏನೋ ಮೂಡಿದೆ. ಹಸಿರು ಮೊಳಕೆಯ ಹಾಗೆ.

"ಬೇರು," ಎಂದೆ, ಟ್ಯಾಂಕಿಗೆ.

"ಬೇರಿಗೆ ತುದಿ ಗುಂಡಗಿರತ್ತೆ. ಇದು ಚೂಪು. ಹೂವಿನ ದಂಟು," ಎಂದರು ಅತ್ತೆ.

"ಗುಮ್ಮಣ್ಣ ಹೂ ಬಿಡೋದಾ? ಬೇರೇನೇ."

"ಬೇರೆ ಯಾರಾದ್ರೂ ಆಗಿದ್ರೆ ಪಂದ್ಯ ಕಟ್ತಿದ್ದೆ."

ಪಂದ್ಯ ಕಟ್ಟಿದ್ದರೆ ಸೋಲುತ್ತಿದ್ದೆ ಎನಿಸುತ್ತದೆ. ಚೂಪಾಗೇ ಇದೆ.

ನವೆಂಬರ್ 12, ಬುಧವಾರ

ಹೂದಂಟೇ. ಗೇಣುದ್ದ ಆಗಿದೆ, ತುದಿಯಲ್ಲಿ ಕಾಳಿನಷ್ಟು ಮೊಗ್ಗುಗಳು. ಆನಿಕೆಗೆ ಕಡ್ಡಿ ನೆಟ್ಟು ದಾರ ಕಟ್ಟಿದ್ದೇನೆ. ಎಳೆಯ ದಂಟು, ಸ್ವಲ್ಪ ಬಾಗಿಸಿದರೆ ಮುರಿಯುತ್ತದೆ ಎಂದು ಗಿಡದಂಗಡಿಯ ಅಕ್ಕ ಎಚ್ಚರಿಸಿದ್ದಾರೆ.

ಚಳಿ ಜೋರಾಗುತ್ತಿದೆ. ಭಾನುವಾರ ಎಲ್ಲವನ್ನೂ ಒಳಗೆ ತರಬೇಕು. ಬಾಮೈದ ಅವತ್ತೇ ಬರುತ್ತಾನೆ. ಅತ್ತೆ ಬಟ್ಟೆ ಮಡಚಿ ಪೆಟ್ಟಿಗೆಗೆ ಹಾಕಿದ್ದಾರೆ. ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಮುಚ್ಚುತ್ತಿರಲಿಲ್ಲ. ಸರಿಮಾಡಿಕೊಡಬಹುದಿತ್ತು. ಮಾಡಲಿಲ್ಲ. ಕೆಲಸದಿಂದ ದಣಿದು ಬಂದಿದ್ದೆ.

ನವೆಂಬರ್ 16, ಭಾನುವಾರ

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು.

ಬೆಳಿಗ್ಗೆ ಮೋಟಾರಿನ ಗೂಡಿನಲ್ಲಿ ಎಣ್ಣೆ ಬಿಡುತ್ತಿದ್ದೆ. ಅದು ಮುಗಿಸಿ ಕುಂಡಗಳನ್ನು ಮೆಟ್ಟಿಲ ಮೇಲೆ ಇಳಿಸುವುದೆಂದು ಲೆಕ್ಕ. ಅತ್ತೆಗೆ ತಡೆಯಲಾಗಲಿಲ್ಲ. ಹೊರಡುವ ಮೊದಲು ಗುಮ್ಮಣ್ಣನನ್ನು ಅವಳ ಕಿಟಕಿಯಲ್ಲಿ ಒಮ್ಮೆ ನೋಡಬೇಕೆಂದು, ಕುಂಡವನ್ನು ಎದೆಗವಚಿಕೊಂಡು ಲಿಫ್ಟಿಗೆ ಹೋಗಿಬಿಟ್ಟಿದ್ದಾರೆ. ನಮ್ಮದು ಹಳೆಯ ಲಿಫ್ಟು, ಮಡಚುವ ಜಾಲರಿ ಗೇಟು. ಗೇಟು ಎಳೆದ ಸದ್ದು ಕೇಳಿತು, ಪಕ್ಕದಲ್ಲೇ ಮೋಟಾರು ತಿರುಗಿತು. ಅರ್ಧಕ್ಕೆ ನಿಂತಿತು.

ಓಡಿ ಇಳಿದೆ. ನಾಲ್ಕನೆಯ ಮತ್ತು ಮೂರನೆಯ ಮಹಡಿಯ ನಡುವೆ ನಿಂತಿತ್ತು. ಮೂರನೆಯ ಮಹಡಿಯ ಗೇಟಿನಿಂದ ನೋಡಿದರೆ, ಮೇಲೆ ಅತ್ತೆಯ ಪಾದಗಳು ಮಾತ್ರ ಕಾಣುತ್ತಿದ್ದವು. ಒಂದರಲ್ಲಿ ಚಪ್ಪಲಿ ಇರಲಿಲ್ಲ.

"ಯಾರಾದ್ರೂ ಇದ್ದೀರಾ? ಲಿಫ್ಟು ನಿಂತಿದೆ ಅಂತ ನಮ್ಮ ಅಳಿಯಂದಿರಿಗೆ ಹೇಳಿ," ಎಂದರು.

"ಹೇಳೋಕೆ ಇಲ್ಲಿ ಯಾರೂ ಇಲ್ಲ ಅತ್ತೆ. ನಾನೇ. ನನಗೇ ಹೇಳಿ."

ಬರಿಗಾಲು ಸೀರೆಯ ಅಂಚಿನೊಳಗೆ ಸರಿಯಿತು.

"ಕಡ್ಡಿ ಸಿಕ್ಕಿಹಾಕ್ಕೊಂಡಿದೆ," ಎಂದರು ಆಮೇಲೆ. "ದಂಟೂ ಅದರ ಜೊತೇಲಿ."

ಬಗ್ಗಿ ಬಗ್ಗಿ ನೋಡಿದೆ. ಲಿಫ್ಟು ಇಳಿಯುವಾಗ ಆನಿಕೆಯ ಕಡ್ಡಿ ಜಾಲರಿಯ ಕಣ್ಣಿನಿಂದ ಹೊರಗೆ ಚಾಚಿ, ಗೋಡೆಯ ಅಂಚಿಗೆ ಸಿಕ್ಕಿ, ಗೇಟನ್ನು ನಾಲ್ಕು ಬೆರಳಿನಷ್ಟು ತೆರೆದಿತ್ತು. ಗೇಟು ಪೂರ್ತಿ ಮುಚ್ಚದೆ ಲಿಫ್ಟು ಕದಲುವುದಿಲ್ಲ. ದಂಟು ಒಳಗೆ ಬರದೆ ಗೇಟು ಮುಚ್ಚುವುದಿಲ್ಲ. ಮೇಲೆ ಹೋಗಿ ಕೈಯಿಂದ ಚಕ್ರ ತಿರುಗಿಸಿದರೂ ದಂಟು ಗೋಡೆಗೆ ಸಿಕ್ಕಿ ನಜ್ಜುಗುಜ್ಜಾಗುತ್ತದೆ.

"ಎಳೀಬೇಡಿ. ಗೇಟು ತಳ್ಳಬೇಡಿ. ಹೆದರೋ ಅಂಥದ್ದೇನಿಲ್ಲ. ಕೂತ್ಕೊಳ್ಳಿ," ಎಂದೆ.

"ಕೂತ್ರೆ ದಂಟು ಬಾಗತ್ತೆ."

"ನಾನು ಮೇಲಿಂದ ಕೈಹಾಕಿ ಕಡ್ಡಿ ಕೊಯ್ಯೋಕಾಗತ್ತಾ ನೋಡ್ತೀನಿ. ಹೊತ್ತಾಗತ್ತೆ."

"ಎಷ್ಟು ಹೊತ್ತಾದ್ರೂ ಆಗ್ಲಿ. ಮುರೀಬಾರ್ದು."

ನಾಲ್ಕನೆಯ ಮಹಡಿಯ ಗೇಟಿನ ಹತ್ತಿರ ನೆಲಕ್ಕೆ ಮಲಗಿ ತೋಳು ಚಾಚಿದೆ. ಒಂದು ಗೇಣು ಎಟುಕಲಿಲ್ಲ. ಮತ್ತೆ ಮತ್ತೆ ಚಾಚಿದೆ. ಮಾತು ನಿಲ್ಲಿಸಬಾರದಲ್ಲ, ಏನಾದರೂ ಹೇಳಿ ಅತ್ತೆ ಎಂದೆ.

"ಏನು ಹೇಳ್ಲಿ? ಕಡೇಕಡೇಲಿ ಅವಳು ನನ್ನ ಕೈ ಹಿಡ್ಕೊಂಡು ಒಂದು ಮಾತು ಅಂದ್ಲು. ಅವರು ಬಾಯಿಬಿಟ್ಟು ಏನೂ ಕೇಳಲ್ಲ, ನೀನೇ ನೋಡ್ಕೋಬೇಕು ಅಂತ."

"ನನಗೂ ಹೇಳಿದ್ಲು," ಎಂದೆ. "ಅಮ್ಮ ಬೇಕು ಅನ್ನೋದನ್ನ ಬಾಯಿಬಿಟ್ಟು ಹೇಳಲ್ಲ, ನೀವೇ ನೋಡ್ಕೊಳ್ಳಿ ಅಂತ."



"ಗಿಡಕ್ಕೆ ಇಬ್ರೂ ಹುಯ್ದ್ವಿ," ಎಂದರು. "ಅವಳ ಈ ಮಾತಿಗೆ ಒಬ್ರೂ ಹುಯ್ಯಲಿಲ್ಲ ನೋಡಿ."

ಆಮೇಲೆ ಅವರ ಉಸಿರು ಸಣ್ಣಗೆ ಎಳೆಯತೊಡಗಿತು. ಆ ಸದ್ದು ನನಗೆ ಗೊತ್ತು. ಗೋಡೆಯ ಈಚೆ ಮಲಗಿ ಎರಡು ವರ್ಷ ಅವಳದನ್ನು ಕೇಳಿದ್ದೇನೆ. ಏನೂ ಇಲ್ಲ, ಕಾಲು ನೋಯ್ತಿದೆ ಅಷ್ಟೇ ಎಂದರು. ಕಾಲುನೋವಿಗೆ ಉಸಿರು ಹಾಗಾಗುವುದಿಲ್ಲ.

"ಮುರಿದುಬಿಡಿ ಅತ್ತೆ."

"ಇನ್ನೇನು ಹೂವಾಗತ್ತೆ. ಅವಳು ನೋಡದೇ ಇದ್ದ ಹೂವು."

"ಆಗದಿದ್ರೆ ಬೇಡ. ದಂಟು ಮುರೀರಿ, ಕಡ್ಡಿ ಮುರೀರಿ, ಗೇಟು ಎಳೀರಿ. ನೀವು ಹೊರಗೆ ಬನ್ನಿ."

"ಯೋಚನೆ ಮಾಡಿ ಹೇಳ್ತಿದ್ದೀರಾ?"

"ನನಗೆ ನೀವು ಬೇಕು. ಮುರೀರಿ."

ಟಕ್ ಎಂದಿತು. ಹಿಂದೆಯೇ ಕಡ್ಡಿ ಮುರಿದ ಸದ್ದು. ಗೇಟು ಪೂರ್ತಿ ಎಳೆದ ಸದ್ದು. ಮೋಟಾರು ಹೊರಟಿತು.

ಮೂರನೆಯ ಮಹಡಿಗೆ ಓಡಿಬಂದು ಗೇಟು ತೆಗೆದೆ. ಅತ್ತೆ ಕುಂಡವನ್ನು ಕಂಕುಳಲ್ಲಿಟ್ಟುಕೊಂಡು, ಮುರಿದ ದಂಟನ್ನು ಇನ್ನೊಂದು ಕೈಯಲ್ಲಿ ಹಿಡಿದು, ಗೋಡೆಗೊರಗಿ ನಿಂತಿದ್ದರು. ತುಟಿ ಬಿಳಿಚಿತ್ತು. ಕುಂಡ ತೆಗೆದುಕೊಳ್ಳಲು ಹೋದೆ. ಅವರು ಕುಂಡ ಕೊಡಲಿಲ್ಲ, ನನ್ನ ತೋಳು ಹಿಡಿದುಕೊಂಡರು. ಮನೆಯವರೆಗೆ ಹಾಗೇ ಬಂದೆವು.

ಮಧ್ಯಾಹ್ನ ಬಾಮೈದ ಬಂದ. ನಾವು ಮೇಜಿನ ಬಳಿ ಕೂತಿದ್ದೆವು. ಮಂಡಿಗೆ ಎಣ್ಣೆ ಹಚ್ಚಿ ಅತ್ತೆ ಎಂದು ನಾನೂ, ಅಂಗೈ ತರಚಿದೆ ತೊಳ್ಕೊಳ್ಳಿ ಎಂದು ಅವರೂ ಹೇಳುತ್ತಿದ್ದೆವು. ಅವನು ಬಾಗಿಲಲ್ಲೇ ನಿಂತುಬಿಟ್ಟ.

"ಏನಾಯ್ತು ಭಾವ ಇಲ್ಲಿ?"

"ಲಿಫ್ಟು ಕೆಟ್ಟಿತ್ತು," ಎಂದೆ.

ಅವನು ಪೆಟ್ಟಿಗೆ ಎತ್ತಿಕೊಂಡ. ಮುಚ್ಚಳ ಬಿಚ್ಚಿಕೊಂಡು ಅರ್ಧ ಬಟ್ಟೆ ನೆಲಕ್ಕೆ ಬಿತ್ತು. ಅತ್ತೆ ಆರಿಸಲು ಬಗ್ಗಲಿಲ್ಲ.

"ಇನ್ನೂ ಐದು ಕುಂಡ ಮೇಲಿದೆ," ಎಂದರು ಮಗನಿಗೆ. "ಮೊದಲು ಅದನ್ನ ಇಳಿಸ್ಕೊಡು. ಮೆಟ್ಟಿಲ ಮೇಲೆ. ಲಿಫ್ಟಿನಲ್ಲಿ ತಂದ್ಯೋ, ನೋಡು. ಮೊಮ್ಮಕ್ಕಳನ್ನ ನೋಡೋಕೆ ರಜೆಗೆ ಬರ್ತೀನಿ. ಬಂದು ವಾಪಸು ಬರ್ತೀನಿ."

"ವಾಪಸು ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಮನೆಗೆ."

ಪೆಟ್ಟಿಗೆಯ ಮುಚ್ಚಳದಲ್ಲಿ ಒಂದು ತಿರುಪು ಸಡಿಲವಾಗಿತ್ತು, ಅಷ್ಟೇ. ಸಂಜೆ ಬಿಗಿಮಾಡಿ ಅಟ್ಟದ ಮೇಲಿಟ್ಟೆ.

ನವೆಂಬರ್ 24, ಸೋಮವಾರ

ದಂಟನ್ನು ಲೋಟದ ನೀರಿನಲ್ಲಿಟ್ಟು ವಾರವಾಯಿತು. ಮೊಗ್ಗು ಬಾಡಿದವು. ಅತ್ತೆ ಇನ್ನೂ ಎಸೆದಿಲ್ಲ. ಗುಮ್ಮಣ್ಣ ಮತ್ತೆ ಎಂದಿನ ಹಾಗೆ, ಎಲೆ ಮಾತ್ರ. ಅವಳ ಮಂಚವನ್ನು ಗೋಡೆಯ ಕಡೆಗೆ ಸರಿಸಿದ್ದೇವೆ. ಅತ್ತೆ ಈಗ ಆ ಕೋಣೆಯಲ್ಲಿ ಮಲಗುತ್ತಾರೆ. ಕಿಟಕಿಯನ್ನು ಮಧ್ಯಾಹ್ನ ತೆಗೆಯುತ್ತಾರೆ, ಚಳಿ ಬೀಳುವ ಮೊದಲು ಮುಚ್ಚುತ್ತಾರೆ.

ನೀರಿಗೆ ಸರದಿ ಮಾಡಿಕೊಂಡಿದ್ದೇವೆ. ಈ ವಾರ ಅವರದು. ಸಂಜೆ ಬಂದಾಗ ತಂಗಿಯ ಕುಂಡ ಸ್ವಲ್ಪ ಒಣಗಿದ ಹಾಗೆ ಕಂಡಿತು. ನಾನು ಮುಟ್ಟಲಿಲ್ಲ.

ಇನ್ನೇನೋ ಬರೆಯಬೇಕೆಂದಿದ್ದೆ.

"ಅಳಿಯಂದಿರೇ, ಊಟ ಆರಿಹೋಗ್ತಿದೆ. ಆಮೇಲೆ ಬರೀಬಹುದು, ಬನ್ನಿ."

ಬಂದೆ ಎಂದೆ.